ಪೈಲ್ವಾನರು ಎಲ್ಲಿ ಹುಟ್ಟುತ್ತಾರೆ?

ಅಮೆರಿಕದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಮೂರು ದಿನ ಕಾಲೇಜು ಹುಡುಗರ ಕುಸ್ತಿ ಪಂದ್ಯಾವಳಿ ನಡೆಯುತ್ತದೆ. ಹತ್ತು ತೂಕದ ವಿಭಾಗಗಳು, ವಿಭಾಗಕ್ಕೆ 33 ಮಂದಿಯಂತೆ ಒಟ್ಟು 330 ಪೈಲ್ವಾನರು. ಒಂದೊಂದು ವಿಭಾಗದಲ್ಲಿ ಮೊದಲ ಎಂಟು ಸ್ಥಾನ ಪಡೆದವರಿಗೆ ‘ಆಲ್ ಅಮೆರಿಕನ್’ ಎಂಬ ಬಿರುದು. ಸಾಯುವವರೆಗೂ ಹೆಸರಿನ ಜೊತೆ ಅಂಟಿಕೊಂಡೇ ಇರುವ ಬಿರುದು ಅದು. ಹೀಗೆ ಬಿರುದು ಪಡೆದ ಎಂಬತ್ತು ಹುಡುಗರ ಊರುಗಳನ್ನು ನಕಾಶೆಯ ಮೇಲೆ ಚುಕ್ಕೆಯಿಟ್ಟು ಗುರುತಿಸುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಒಹಾಯೊ, ಅಯೋವಾ, ಮಿನೆಸೋಟ, ಒಕ್ಲಹೋಮ ಈ ಕಡೆಗಳಲ್ಲಿ ಚುಕ್ಕೆಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ದಕ್ಷಿಣಕ್ಕೆ ಬಂದರೆ ಅಲಬಾಮ, ಮಿಸಿಸಿಪ್ಪಿ, ಲೂಸಿಯಾನ ಎಲ್ಲ ಹೆಚ್ಚುಕಡಿಮೆ ಬೋಳು. ಅದೇ ದಕ್ಷಿಣ ಅಮೆರಿಕನ್ ಫುಟ್‌ಬಾಲಿಗೆ ರಾಶಿ ರಾಶಿ ಹುಡುಗರನ್ನು ಕೊಡುತ್ತದೆ. ಅಲ್ಲಿ ಗಟ್ಟಿ ಮೈಯ ಹುಡುಗರಿಗೆ ಬರವೇನೂ ಇಲ್ಲ.

ಹಾಗಾದರೆ ಈ ವ್ಯತ್ಯಾಸ ಯಾಕೆ?

ಈ ಪ್ರಶ್ನೆ ಕುಸ್ತಿಯದ್ದು ಮಾತ್ರ ಅಲ್ಲ. ಯಾವುದೋ ಊರಿನವರು, ಯಾವುದೋ ಜನ ಒಂದು ಕೆಲಸದಲ್ಲಿ ಮುಂದಿದ್ದರೆ ನಾವು ಥಟ್ಟನೆ ಹೇಳುವುದು ‘ಅದು ಅವರ ರಕ್ತದಲ್ಲೇ ಇದೆ’ ಎಂದು. ಹಿಂದುಳಿದಿದ್ದರೂ ಅದೇ ಮಾತು. ಬ್ರಿಟಿಷರು ಇದನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದರು. ಹಿಂದೂಸ್ತಾನದ ಕೆಲವು ಜನರನ್ನು ‘ಯುದ್ಧವೀರ ಜನಾಂಗ’ ಎಂದು ವಿಂಗಡಿಸಿ ಸೈನ್ಯಕ್ಕೆ ಸೇರಿಸಿಕೊಂಡರು, ಉಳಿದವರನ್ನು ಮೆತ್ತನೆಯವರೆಂದು ಬದಿಗೆ ಸರಿಸಿದರು. ನಮ್ಮ ಮೈಸೂರಿನ ಜಟ್ಟಿಗಳಂತೂ ತಲೆಮಾರುಗಳಿಂದ ಕಾಳಗವನ್ನೇ ಕಸುಬಾಗಿ ಮಾಡಿಕೊಂಡವರು. ದಸರಾದ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಅದು ಹುಟ್ಟುಗುಣ ಎನ್ನಿಸಿದರೆ ತಪ್ಪೆನ್ನಲಾಗದು. ಆದರೆ ಜಟ್ಟಿಯ ಮಗ ಜಟ್ಟಿಯಾಗುವುದು ಅಪ್ಪನ ರಕ್ತದಿಂದಲೋ ಅಪ್ಪನ ಗರಡಿಮನೆಯಿಂದಲೋ ಎಂದು ಬಿಡಿಸಿ ನೋಡುವುದು ಕಷ್ಟ. ಎರಡೂ ಒಂದೇ ಮನೆಯಲ್ಲಿರುತ್ತವೆ. ಅಮೆರಿಕದ ಕಾಲೇಜು ಕುಸ್ತಿಯ ಚರಿತ್ರೆಯಲ್ಲಿ ಒಂದು ಅನುಕೂಲವಿದೆ. ಅಲ್ಲಿ ರಕ್ತ ಒಂದು ಕಡೆ, ಗರಡಿ ಇನ್ನೊಂದು ಕಡೆ ಬೇರೆಬೇರೆಯಾಗಿ ಸಿಗುತ್ತವೆ. ಅದಕ್ಕೇ ಇಷ್ಟು ದೂರ ಹೋಗಿ ನೋಡುವ ಆಸೆ.

ಮೊದಲಿಗೆ ಈ ಕುಸ್ತಿ ಎಂಥದ್ದು ಎಂದು ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ಫ್ರೀಸ್ಟೈಲ್ ಅಲ್ಲ ಇದು. ಏಳು ನಿಮಿಷದ ಪಂದ್ಯ. ಎದುರಾಳಿಯನ್ನು ಕೆಡವಿದರೆ ಸಾಲದು, ಕೆಳಗೆ ಹಾಕಿಕೊಂಡು ಏಳಗೊಡದಂತೆ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತು ಹಿಡಿದೆ ಎಂಬುದನ್ನೂ ಗಡಿಯಾರ ಲೆಕ್ಕ ಹಾಕುತ್ತದೆ. ಕೆಳಗಿರುವವನು ಬಿಡಿಸಿಕೊಂಡು ಎದ್ದರೆ ಅವನಿಗೊಂದು ಅಂಕ. ಇಡೀ ಆಟದ ಜೀವ ಇರುವುದೇ ಈ ಒತ್ತುವ, ಬಿಡಿಸಿಕೊಳ್ಳುವ ಜಗ್ಗಾಟದಲ್ಲಿ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬಲ್ಲವನೊಬ್ಬ ಮೈಮೇಲೆ ಭಾರ ಹಾಕಿ ಕಲಿಸಬೇಕು.

ಅಯೋವಾದಿಂದ ಶುರುಮಾಡೋಣ. ಜೋಳ, ಹಂದಿ, ಹಿಮ ಇವಿಷ್ಟಕ್ಕೆ ಹೆಸರಾದ ರಾಜ್ಯ. ಮಾರ್ಟಿನ್ ಬರ್ನ್ಸ್ ಎಂಬ ರೈತ ಹುಡುಗ ಅಲ್ಲಿಂದ ಎದ್ದುಬಂದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದೊಡ್ಡ ಪೈಲ್ವಾನನಾದ. ಜನ ಅವನನ್ನು ಕರೆದದ್ದೇ ‘ಫಾರ್ಮರ್’ ಬರ್ನ್ಸ್ ಎಂದು. ಅವನ ಶಾಗಿರ್ದ ಫ್ರಾಂಕ್ ಗೋಚ್, ಅಯೋವಾದ ಹಂಬೋಲ್ಟ್ ಎಂಬ ಸಣ್ಣ ಊರಿನವನು. 1908ರಲ್ಲಿ ಜಗಜಟ್ಟಿ ಎನಿಸಿದ್ದ ಹ್ಯಾಕನ್‌ಸ್ಮಿತ್‌ನನ್ನು ಸೋಲಿಸಿ, 1911ರಲ್ಲಿ ಶಿಕಾಗೋದಲ್ಲಿ ಮತ್ತೊಮ್ಮೆ ಸೋಲಿಸಿದವನು. ಈ ಹೆಸರು ನಮ್ಮ ಹಳೆಯ ಕುಸ್ತಿಪ್ರಿಯರಿಗೆ ಹೊಸದಲ್ಲ. 1910ರಲ್ಲಿ ನಮ್ಮ ಗಾಮಾ ಪೈಲ್ವಾನರು ಬಂಗಾಳದ ಶ್ರೀಮಂತ ಶರತ್‌ಕುಮಾರ್ ಮಿತ್ರರ ಹಣದಿಂದ ಲಂಡನ್ನಿಗೆ ಹೋಗಿ ಅಮೆರಿಕದ ವೈದ್ಯ-ಪೈಲ್ವಾನ ಬೆಂಜಮಿನ್ ರೋಲರ್‌ನನ್ನು ಒಂದೇ ಪಂದ್ಯದಲ್ಲಿ ಎರಡು ಸಲ ಚಿತ್ ಮಾಡಿದರು. ಪೋಲೆಂಡಿನ ಜಿಬಿಸ್ಕೋ ನೆಲಕ್ಕೆ ಅಂಟಿಕೊಂಡು ಮಲಗಿ ಹೇಗೋ ಮಾನ ಉಳಿಸಿಕೊಂಡ. ಗಾಮಾ ಗೋಚ್‌ಗೂ ಸವಾಲು ಹಾಕಿದ್ದುಂಟು. ಆ ಪಂದ್ಯ ಆಗಲೇ ಇಲ್ಲ. ಗಾಮಾರನ್ನು ಬೆಳೆಸಿದ್ದು ದತಿಯಾ, ಪಟಿಯಾಲಾದಂಥ ಸಂಸ್ಥಾನಗಳ ಅನ್ನ. ಅಲ್ಲಿ ರಾಜರು ಅಖಾಡ ಸಾಕಿದರು, ಇಲ್ಲಿ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಖಾಸ್‌ಬಾಗ್ ಮೈದಾನವನ್ನೇ ಕಟ್ಟಿಸಿದರು. ಮುಂದೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಓದಿದ್ದು ಅದೇ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ. ರಾಜರೇ ಇಲ್ಲದ ಅಯೋವಾದಲ್ಲಿ ಅಖಾಡವನ್ನು ಸಾಕಿದ್ದು ಯಾರು?

ಸರಕಾರಿ ಹೈಸ್ಕೂಲುಗಳು. ಗೋಚ್‌ನ ಹೆಸರು ಮನೆಮಾತಾಗಿದ್ದ ದಿನಗಳಲ್ಲೇ ಅಯೋವಾದ ಶಾಲೆಗಳು ಕುಸ್ತಿಯನ್ನು ಒಳಗೆ ಬಿಟ್ಟುಕೊಂಡವು. 1921ರಷ್ಟು ಹಿಂದೆಯೇ ಅಲ್ಲಿ ಹೈಸ್ಕೂಲು ಹುಡುಗರ ರಾಜ್ಯಮಟ್ಟದ ಪಂದ್ಯಾವಳಿ ನಡೆಯಿತು. 1928ರಲ್ಲಿ ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ ಮೊದಲ ಕುಸ್ತಿ ಚಾಂಪಿಯನ್‌ಶಿಪ್ ನಡೆಸಿದ್ದೂ ಅಯೋವಾದ ಏಮ್ಸ್ ಪಟ್ಟಣದಲ್ಲೇ. ಹಳ್ಳಿಯ ಶಾಲೆಗೆ ಕುಸ್ತಿ ಹೊರೆಯಲ್ಲ. ಒಂದು ಕೋಣೆ, ಒಂದು ಹಾಸು, ಒಬ್ಬ ಮೇಷ್ಟ್ರು ಇದ್ದರೆ ಆಯಿತು. ಫುಟ್‌ಬಾಲಿಗೆ ದೈತ್ಯರು ಬೇಕು, ಬ್ಯಾಸ್ಕೆಟ್‌ಬಾಲಿಗೆ ಉದ್ದನೆಯವರು ಬೇಕು. ಕುಸ್ತಿಯಲ್ಲಿ ನಲವತ್ತೈದು ಕಿಲೋದ ಪೀಚು ಹುಡುಗನಿಗೂ ತನ್ನ ತೂಕದ ಒಬ್ಬ ಎದುರಾಳಿ ಇದ್ದೇ ಇರುತ್ತಾನೆ.

ಈ ಕೋಣೆಗಳಲ್ಲಿ ಒಂದರ ಕಥೆ ಹೇಳಬೇಕು. ಅಯೋವಾದ ಈಶಾನ್ಯ ಮೂಲೆಯಲ್ಲಿ ಕ್ರೆಸ್ಕೋ ಎಂಬ ಊರಿದೆ. ಜನಸಂಖ್ಯೆ ಸುಮಾರು 4,000. ನಮ್ಮಲ್ಲಿ ಅದನ್ನು ಊರು ಎನ್ನುವುದೂ ಅನುಮಾನ. ಅಲ್ಲಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯ ಡೇವ್ ಬಾರ್ಟೆಲ್ಮಾ ಕುಸ್ತಿಯನ್ನೂ ಕಲಿಸುತ್ತಿದ್ದ. ಅವನ ಕೈಕೆಳಗೆ ಪಳಗಿದ ಒಬ್ಬ ರೈತ ಹುಡುಗ ಮುಂದೆ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯೂ ಕುಸ್ತಿ ಆಡಿದ. ನೆರೆಯ ಮಿನೆಸೋಟದ ಹೈಸ್ಕೂಲುಗಳಲ್ಲಿ ಆಗ ಕುಸ್ತಿಯ ರೂಢಿ ಅಷ್ಟಾಗಿ ಇರಲಿಲ್ಲ. ಈ ಹುಡುಗ ಗೆಳೆಯರ ಜೊತೆ ಶಾಲೆಶಾಲೆಗೆ ತಿರುಗಿ ಪ್ರದರ್ಶನ ಪಂದ್ಯಗಳನ್ನು ಆಡಿ ತೋರಿಸಿದ. ಬಾರ್ಟೆಲ್ಮಾ ಕೂಡ 1930ರ ದಶಕದ ನಡುವೆ ಅದೇ ವಿಶ್ವವಿದ್ಯಾಲಯದ ಕೋಚ್ ಆಗಿ ಬಂದ. ಮಿನೆಸೋಟದ ಕುಸ್ತಿಯ ಪಿತಾಮಹ ಎಂದು ಇಂದಿಗೂ ಅವನನ್ನೇ ಕರೆಯುತ್ತಾರೆ. ಆ ರೈತ ಹುಡುಗನ ಹೆಸರು ನಾರ್ಮನ್ ಬೋರ್ಲಾಗ್. ಹೌದು, ಅವರೇ. 1966ರಲ್ಲಿ ಭಾರತ ಮೆಕ್ಸಿಕೋದಿಂದ ತರಿಸಿಕೊಂಡ 18,000 ಟನ್ ಗಿಡ್ಡ ಗೋಧಿಯ ಬೀಜದ ಹಿಂದಿದ್ದವರು, 1970ರ ನೊಬೆಲ್ ಶಾಂತಿ ಪುರಸ್ಕೃತರು. ಹಸಿರು ಕ್ರಾಂತಿಯ ಗುಣದೋಷಗಳ ಚರ್ಚೆ ಬೇರೆ. ಒಕ್ಲಹೋಮದ ಸ್ಟಿಲ್‌ವಾಟರಿನಲ್ಲಿರುವ ರಾಷ್ಟ್ರೀಯ ಕುಸ್ತಿ ಕೀರ್ತಿಭವನದಲ್ಲಿ ಅವರ ಹೆಸರಿದೆ ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲ.

ಅದೇ ಕ್ರೆಸ್ಕೋದ ಇನ್ನೊಬ್ಬ ಹುಡುಗ ಹೆರಾಲ್ಡ್ ನಿಕೋಲ್ಸ್. 1939ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪರ ರಾಷ್ಟ್ರೀಯ ಚಾಂಪಿಯನ್ ಆದ. 1954ರಿಂದ 1985ರವರೆಗೆ ಏಮ್ಸ್‌ನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿದ್ದು ಆರು ತಂಡಪ್ರಶಸ್ತಿ ತಂದುಕೊಟ್ಟ. ನಿಕೋಲ್ಸ್‌ನ ಬಳಿಗೆ ವಾಟರ್‌ಲೂ ಎಂಬ ಕಾರ್ಖಾನೆ ಪಟ್ಟಣದಿಂದ ಬಂದ ಶಾಗಿರ್ದನೇ ಡ್ಯಾನ್ ಗೇಬಲ್. ಹೈಸ್ಕೂಲಿನಲ್ಲಿ 64 ಪಂದ್ಯ ಆಡಿ 64ನ್ನೂ ಗೆದ್ದವನು. ಅವನಿನ್ನೂ ಹುಡುಗನಾಗಿದ್ದಾಗ, 1964ರಲ್ಲಿ, ಅಕ್ಕನನ್ನು ಮನೆಯಲ್ಲೇ ಕೊಲೆಮಾಡಿದ್ದರು. ಆ ದುಃಖವನ್ನು ಗೇಬಲ್ ಹಾಸಿನ ಮೇಲೆ ಬೆವರಾಗಿ ಹರಿಸಿದ ಎನ್ನುತ್ತಾರೆ. 1972ರ ಮ್ಯೂನಿಕ್‌ನಲ್ಲಿ ಒಬ್ಬರಿಗೂ ಒಂದೇ ಒಂದು ಅಂಕ ಕೊಡದೆ ಚಿನ್ನ ಗೆದ್ದ. ಆಮೇಲೆ ಅಯೋವಾ ವಿಶ್ವವಿದ್ಯಾಲಯದ ಕೋಚ್ ಆಗಿ ಹದಿನೈದು ರಾಷ್ಟ್ರೀಯ ಪ್ರಶಸ್ತಿ. ಅದರಲ್ಲಿ ಒಂಬತ್ತು 1978ರಿಂದ 1986ರವರೆಗೆ ಸತತವಾಗಿ. ಗೇಬಲ್‌ನ ಕೈಕೆಳಗೆ ಸಹಾಯಕನಾಗಿದ್ದ ಜೇ ರಾಬಿನ್‌ಸನ್ ಮಿನೆಸೋಟಕ್ಕೆ ಹೋಗಿ 2001, 2002, 2007ರಲ್ಲಿ ಆ ತಂಡವನ್ನು ಗೆಲ್ಲಿಸಿದ. ಬಾರ್ಟೆಲ್ಮಾ ಗದ್ದೆ ಕಟ್ಟಿದ, ರಾಬಿನ್‌ಸನ್ ತೆನೆ ಕೊಯ್ದ. ಸೂಫಿಗಳಲ್ಲಿ ಗುರುವಿನಿಂದ ಗುರುವಿಗೆ ಇಳಿದುಬರುವ ಸರಪಳಿಗೆ ಸಿಲ್ಸಿಲಾ ಎನ್ನುತ್ತಾರೆ. ಹಿಂದೂಸ್ತಾನಿ ಸಂಗೀತದವರು ಘರಾಣೆ ಎನ್ನುತ್ತಾರೆ. ಅಯೋವಾದಲ್ಲಿ ನನಗೆ ಕಾಣುವುದು ಅದೇ. ಇದರಲ್ಲಿ ಮಣ್ಣಿನ ಪಾಲೆಷ್ಟು ಎಂದರೆ, ಚಳಿಗಾಲದಲ್ಲಿ ಅದು ಹಿಮದಡಿ ಹೂತುಹೋಗಿ ಹುಡುಗರನ್ನು ಹೊಲದಿಂದ ಒಳಕೋಣೆಗೆ ಅಟ್ಟುತ್ತಿತ್ತು, ಅಷ್ಟೆ. ಹಿಮ ಮಿನೆಸೋಟದಲ್ಲಿ ಇನ್ನೂ ಜೋರು. ಅಲ್ಲಿನ ಹುಡುಗರು ಆ ಹಿಮದ ಮೇಲೆ ಹಾಕಿ ಆಡಿದರು.

ಒಕ್ಲಹೋಮದ ಕಥೆ ಒಬ್ಬನೇ ಮನುಷ್ಯನಿಂದ ಶುರುವಾಗುತ್ತದೆ. ಸ್ಟಿಲ್‌ವಾಟರಿನ ಕೃಷಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ್ದ ಎಡ್ ಗಾಲಗರ್ ಹೆಸರು ಮಾಡಿದ್ದು ಓಟದಲ್ಲಿ ಮತ್ತು ಫುಟ್‌ಬಾಲಿನಲ್ಲಿ. ಕುಸ್ತಿ ಅವನ ಆಟವೇ ಅಲ್ಲ. 1916ರಲ್ಲಿ ಕುಸ್ತಿ ತಂಡ ಅವನ ಕೈಗೆ ಬಂತು. ತಾನು ಓದಿದ ಸನ್ನೆಗೋಲು, ತಿರುವು, ಭಾರದ ಲೆಕ್ಕಗಳನ್ನು ಮನುಷ್ಯನ ಕೈಕಾಲುಗಳಿಗೆ ಹಚ್ಚಿ ನೋಡಿ ನೂರಾರು ಪಟ್ಟುಗಳನ್ನು ಹೊಂದಿಸಿದ. 1940ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಹನ್ನೊಂದು ಸಲ ಅವನ ತಂಡ ರಾಷ್ಟ್ರದಲ್ಲಿ ಮೊದಲನೆಯದು. ಕುಸ್ತಿಯ ಮನೆತನವಿಲ್ಲ, ಕುಸ್ತಿಯ ರಕ್ತವಿಲ್ಲ, ಸ್ವತಃ ಪೈಲ್ವಾನನಲ್ಲ, ಆದರೂ ಉಸ್ತಾದ. ಅವನ ನಂತರ ಬಂದ ಆರ್ಟ್ ಗ್ರಿಫಿತ್ ಅಲ್ಲಿಯವರೆಗೆ ಟಲ್ಸಾ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ ಹುಡುಗರನ್ನು ತಯಾರು ಮಾಡುತ್ತಿದ್ದವನು. ಹೈಸ್ಕೂಲಿನಿಂದ ಕಾಲೇಜಿಗೆ ಹೋಗುವ ಹಾದಿ ಹೀಗೆ ಸವೆದು ಸವೆದು ನಯವಾಯಿತು. ಪೆರ್ರಿಯಂಥ ಪುಟ್ಟ ಊರು ರಾಜ್ಯ ಪ್ರಶಸ್ತಿಗಳನ್ನು ಸಾಲುಗಟ್ಟಿ ಗೆಲ್ಲತೊಡಗಿತು. ಡ್ಯಾನಿ ಹಾಜ್ ಅಲ್ಲಿಯವನು. ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ 46 ಪಂದ್ಯ ಆಡಿ ಎಲ್ಲವನ್ನೂ ಗೆದ್ದು, 36ರಲ್ಲಿ ಎದುರಾಳಿಯನ್ನು ಚಿತ್ ಮಾಡಿದವನು. ಗಾಲಗರ್‌ನ ಕಾಲೇಜು, ಅಂದರೆ ಇಂದಿನ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯ, ಒಟ್ಟು 34 ತಂಡಪ್ರಶಸ್ತಿ ಗೆದ್ದಿದೆ. ಅಯೋವಾ ಗೆದ್ದಿರುವುದು 24.

ಈ ಹೊಗಳಿಕೆಯ ಚರಿತ್ರೆ ಓದುವಾಗ ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಟಲ್ಸಾ ಸೆಂಟ್ರಲ್ ಹೈಸ್ಕೂಲು ಬಿಳಿಯರ ಶಾಲೆ. ಒಕ್ಲಹೋಮದ ಕಾನೂನೇ ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆಬೇರೆ ಶಾಲೆಗಳಲ್ಲಿ ಇಟ್ಟಿತ್ತು. ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಡುವವರೆಗೂ ಅದೇ ರೀತಿ. ಅದೇ ಟಲ್ಸಾದಲ್ಲಿ 1921ರಲ್ಲಿ ಗ್ರೀನ್‌ವುಡ್ ಎಂಬ ಕಪ್ಪು ಜನರ ಪೇಟೆಯನ್ನು ಬಿಳಿಯರ ಗುಂಪು ಸುಟ್ಟು ಬೂದಿ ಮಾಡಿತ್ತು. ಹಾಗಿರುವಾಗ ಒಕ್ಲಹೋಮದ ಮಣ್ಣು ಪೈಲ್ವಾನರನ್ನು ಬೆಳೆಯುತ್ತದೆ ಎಂದು ಹಾಡಿಹೊಗಳುವಾಗ, ಆ ಮಣ್ಣಿನ ಮೇಲೇ ಹುಟ್ಟಿ ಆ ಕೋಣೆಯ ಹೊಸ್ತಿಲು ದಾಟಲಾಗದ ಹುಡುಗರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 1928ರಲ್ಲಿ. ಅದರಲ್ಲಿ ಒಬ್ಬ ಕಪ್ಪು ಹುಡುಗ ಮೊದಲ ಬಾರಿಗೆ ಚಿನ್ನ ಗೆದ್ದದ್ದು 1957ರಲ್ಲಿ. ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಅವನ ಹೆಸರು ಸೈಮನ್ ರಾಬರ್ಟ್ಸ್. ಎಲ್ಲಿಯವನು? ಅಯೋವಾದ ಡೇವನ್‌ಪೋರ್ಟ್‌ನವನು. ಹುಡುಗರು ಒಂದೇ ಶಾಲೆಗೆ, ಒಂದೇ ಕುಸ್ತಿ ಕೋಣೆಗೆ ಹೋಗುತ್ತಿದ್ದ ಊರು ಅದು. 1954ರಲ್ಲಿ ಅಯೋವಾದ ಹೈಸ್ಕೂಲು ಚಾಂಪಿಯನ್ ಆದ ಮೊದಲ ಕಪ್ಪು ಹುಡುಗನೂ ಅವನೇ. ಒಂದು ಜನಾಂಗದ ಇಪ್ಪತ್ತೊಂಬತ್ತು ವರ್ಷಗಳ ಗೈರುಹಾಜರಿಗೆ ಯಾರಾದರೂ ರಕ್ತದ ಕಾರಣ ಹೇಳಿದರೆ, ಬಾಗಿಲು ಯಾವಾಗ ತೆರೆಯಿತು ಎಂದು ತಾರೀಕು ಕೇಳಬೇಕು. ಏಳೇ ವರ್ಷಗಳಲ್ಲಿ, 1964ರ ಒಲಿಂಪಿಕ್ಸ್‌ಗೆ, ಒಹಾಯೊ ಮೂಲದ ಬಾಬಿ ಡಗ್ಲಸ್ ಅಮೆರಿಕದ ಕುಸ್ತಿ ತಂಡದ ಮೊದಲ ಕಪ್ಪು ಪೈಲ್ವಾನನಾಗಿ ಹೋದ. 1988ರಲ್ಲಿ ಅರಿಜೋನ ಸ್ಟೇಟ್ ತಂಡವನ್ನು ಗೆಲ್ಲಿಸಿ ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕೋಚ್ ಎನಿಸಿದ. ಡಗ್ಲಸ್ ಮುಂದೆ ಅಯೋವಾ ಸ್ಟೇಟ್‌ಗೆ ಬಂದಾಗ ಸಿಕ್ಕ ಶಾಗಿರ್ದ ಕೇಲ್ ಸ್ಯಾಂಡರ್‌ಸನ್, ಯೂಟಾದ ಬೆಟ್ಟಗಳ ನಡುವಿನ ಹೀಬರ್ ಸಿಟಿಯವನು. ನಾಲ್ಕು ವರ್ಷ ಕಾಲೇಜಿನಲ್ಲಿ 159 ಪಂದ್ಯ ಆಡಿ ಒಂದನ್ನೂ ಸೋಲದೆ 2002ರಲ್ಲಿ ಮುಗಿಸಿದ. ಅಂಥ ದಾಖಲೆ ಇನ್ನೊಂದಿಲ್ಲ.

ಒಕ್ಲಹೋಮದ ಉತ್ತರದ ಗಡಿ ದಾಟಿದರೆ ಕ್ಯಾನ್ಸಸ್. ಅದೇ ಬಯಲು, ಅದೇ ಗೋಧಿ, ಅದೇ ಗಾಳಿ, ಅದೇ ಬಗೆಯ ರೈತ ಕುಟುಂಬಗಳು. ಹೈಸ್ಕೂಲುಗಳಲ್ಲಿ ಕುಸ್ತಿಯೂ ಚೆನ್ನಾಗಿಯೇ ಇದೆ. ಆದರೆ ಅಲ್ಲಿನ ಯಾವ ದೊಡ್ಡ ವಿಶ್ವವಿದ್ಯಾಲಯದಲ್ಲೂ ಗಂಡು ಹುಡುಗರಿಗೆ ಮೊದಲ ದರ್ಜೆಯ ಕುಸ್ತಿ ತಂಡವಿಲ್ಲ. ಕ್ಯಾನ್ಸಸ್ ಸ್ಟೇಟ್ 1975ರಲ್ಲಿ ತನ್ನ ತಂಡವನ್ನು ಮುಚ್ಚಿಬಿಟ್ಟಿತು. ಅಲ್ಲಿನ ಒಳ್ಳೆಯ ಹುಡುಗರು ಗಡಿ ದಾಟಿ ಒಕ್ಲಹೋಮಕ್ಕೋ ಅಯೋವಾಕ್ಕೋ ನೆಬ್ರಾಸ್ಕಕ್ಕೋ ಹೋಗುತ್ತಾರೆ, ಗೆದ್ದರೆ ಹೆಸರು ಆ ಊರುಗಳದ್ದಾಗುತ್ತದೆ. ಕೋಚ್ ಆಗಿ ತಿರುಗಿ ಬರೋಣವೆಂದರೆ ಕ್ಯಾನ್ಸಸ್‌ನಲ್ಲಿ ಅಂಥ ಕಾಲೇಜೇ ಇಲ್ಲ. ಮಣ್ಣು ಒಂದೇ ಆಗಿದ್ದೂ ಫಸಲು ಬೇರೆಯಾಗುವುದು ಎಂದರೆ ಇದೇ.

ಪೆನ್ಸಿಲ್ವೇನಿಯಾದ ಬಗ್ಗೆ ಹೇಳುವ ಕಾರಣ ಬೇರೆ ಥರದ್ದು. ಅಲ್ಲಿ ಕಲ್ಲಿದ್ದಲ ಗಣಿ, ಉಕ್ಕಿನ ಕುಲುಮೆ. ಗಟ್ಟಿ ದುಡಿಮೆಯ ಅಪ್ಪಂದಿರಿಗೆ ಗಟ್ಟಿ ಮಕ್ಕಳು ಎಂಬ ವಾದ. ಕೇಳಲು ಚೆನ್ನಾಗಿದೆ. ಆದರೆ ಬೆತ್ಲೆಹೆಮ್ ಪಟ್ಟಣದ ಹೆಸರಾಂತ ಉಕ್ಕಿನ ಕುಲುಮೆಗಳು 1995ರಲ್ಲಿ ಆರಿಹೋದವು, 2001ರಲ್ಲಿ ಕಂಪನಿ ದಿವಾಳಿಯಾಯಿತು. ಕುಲುಮೆ ಆರಿ ಮೂವತ್ತು ವರ್ಷವಾಗಿದೆ. ಆ ಕಣಿವೆಯ ನಜರೆತ್, ಈಸ್ಟನ್, ನಾರ್ಥಾಂಪ್ಟನ್ ಶಾಲೆಗಳಿಂದ ಪೈಲ್ವಾನರು ಬರುವುದು ನಿಂತಿಲ್ಲ. ಅಪ್ಪಂದಿರು ಈಗ ಗೋದಾಮಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಿರಬಹುದು. ನಿಲ್ಲದೆ ಉಳಿದದ್ದು ಕುಸ್ತಿ ಕೋಣೆ. ಬೆತ್ಲೆಹೆಮ್‌ನ ಲೀಹೈ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಬಿಲ್ಲಿ ಶೆರಿಡನ್ ಎಂಬ ಉಸ್ತಾದ 1911ರಿಂದ 1952ರವರೆಗೆ ಕೂತಿದ್ದ. ನಾಲ್ಕು ದಶಕ ಒಂದೇ ಕಡೆ ಕೂರುವುದೆಂದರೆ ಮೊದಲ ಶಾಗಿರ್ದರ ಮಕ್ಕಳು ಶಾಗಿರ್ದರಾಗಿ ಬರುವಷ್ಟು ಕಾಲ. ಇಡೀ ಪೆನ್ಸಿಲ್ವೇನಿಯಾದಲ್ಲಿ ಇಂದು ಮೊದಲ ದರ್ಜೆಯ ಕುಸ್ತಿ ತಂಡವಿರುವ ಕಾಲೇಜುಗಳು ಸುಮಾರು ಹತ್ತು. ಇದರಲ್ಲಿ ಲಾಕ್ ಹೇವನ್, ಕ್ಲಾರಿಯನ್‌ನಂಥ ಸಣ್ಣ ಊರುಗಳ ಸರಕಾರಿ ಕಾಲೇಜುಗಳೂ ಸೇರಿವೆ. ಮೇಷ್ಟ್ರಾಗಲು ಹೋದ ಹುಡುಗ ಅಲ್ಲಿ ಕುಸ್ತಿ ಆಡಿ, ಪದವಿ ಮುಗಿಸಿ, ತನ್ನ ಊರಿನ ಹೈಸ್ಕೂಲಿಗೆ ಮೇಷ್ಟ್ರೂ ಕೋಚೂ ಆಗಿ ಮರಳುತ್ತಾನೆ. ಪ್ರೈಮರಿ ಶಾಲೆಯ ಮಕ್ಕಳೂ ಶನಿವಾರ ಭಾನುವಾರ ಹಾಸಿನ ಮೇಲೆ ಉರುಳಾಡುತ್ತಿರುತ್ತಾರೆ. ಕ್ಲಾರಿಯನ್‌ನಲ್ಲಿ ಓದಿದ ಉಜ್ಬೇಕಿಸ್ತಾನದ ಬೆಕ್ಜೋದ್ ಅಬ್ದುರಹ್ಮಾನೋವ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತನ್ನ ದೇಶಕ್ಕೆ ಕಂಚು ಗೆದ್ದುಕೊಟ್ಟ.

ಇಷ್ಟು ಹುಡುಗರಿದ್ದೂ ಪೆನ್ ಸ್ಟೇಟ್ ವಿಶ್ವವಿದ್ಯಾಲಯ 1953ರಲ್ಲಿ ಒಮ್ಮೆ ಗೆದ್ದು, ಆಮೇಲೆ ಐವತ್ತೆಂಟು ವರ್ಷ ಪ್ರಶಸ್ತಿಗೆ ಕಾಯಿತು. 2009ರಲ್ಲಿ ಅವರು ಮಾಡಿದ ಕೆಲಸ ಒಂದೇ: ಸ್ಯಾಂಡರ್‌ಸನ್‌ನನ್ನು ಅಯೋವಾ ಸ್ಟೇಟ್‌ನಿಂದ ಕರೆತಂದರು. 2011ರಿಂದ 2025ರವರೆಗೆ ಹನ್ನೆರಡು ಪ್ರಶಸ್ತಿ. ಹಳೆಯದೂ ಸೇರಿ ಹದಿಮೂರು. 2009ರಲ್ಲಿ ಪೆನ್ಸಿಲ್ವೇನಿಯಾದ ಹುಡುಗರ ರಕ್ತ ಬದಲಾಗಿರಲಿಲ್ಲ. ಕ್ರೆಸ್ಕೋದ ನಿಕೋಲ್ಸ್ ಕಟ್ಟಿದ ಗರಡಿಗೆ ಡಗ್ಲಸ್ ಬಂದ, ಡಗ್ಲಸ್‌ನ ಶಾಗಿರ್ದ ಪೆನ್ ಸ್ಟೇಟ್‌ಗೆ ಹೋದ, ಸ್ಯಾಂಡರ್‌ಸನ್‌ನ ಶಾಗಿರ್ದ ಡೇವಿಡ್ ಟೇಲರ್ 2024ರಲ್ಲಿ ಗಾಲಗರ್‌ನ ಸ್ಟಿಲ್‌ವಾಟರಿಗೇ ಕೋಚ್ ಆಗಿ ಹೋದ.

ಸರಪಳಿ ಬೆಳೆಯುವ ಹಾಗೆಯೇ ಕಡಿಯಲೂಬಹುದು. 1970ರಲ್ಲಿ ಗೇಬಲ್ ಕಾಲೇಜಿನ ತನ್ನ ಕಟ್ಟಕಡೆಯ ಪಂದ್ಯದಲ್ಲಿ ಸೋತ. ಹೈಸ್ಕೂಲು ಕಾಲೇಜು ಸೇರಿ ಅದೊಂದೇ ಸೋಲು. ಸೋಲಿಸಿದವನು ಪಶ್ಚಿಮ ತೀರದ ಆರೆಗನ್‌ನಲ್ಲಿ ಬೆಳೆದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಓವಿಂಗ್ಸ್. ಹದಿಮೂರು-ಹನ್ನೊಂದು ಅಂಕ. ಅಂಥವನನ್ನು ತಯಾರು ಮಾಡಿದ ಆ ವಿಶ್ವವಿದ್ಯಾಲಯ ಹತ್ತು ವರ್ಷದಲ್ಲಿ ಕುಸ್ತಿ ತಂಡವನ್ನೇ ಕಿತ್ತುಹಾಕಿತು. ಆರೆಗನ್ ವಿಶ್ವವಿದ್ಯಾಲಯ 2008ರಲ್ಲಿ ಅದನ್ನೇ ಮಾಡಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸ್ಟೇಟ್ 2006ರಲ್ಲಿ ಮುಚ್ಚಿ, 2017ರಲ್ಲಿ ತೆರೆದು, 2021ರಲ್ಲಿ ಮತ್ತೆ ಮುಚ್ಚಿತು. ಲೂಸಿಯಾನ ಸ್ಟೇಟ್‌ನ ತಂಡ 1980ರ ದಶಕದಲ್ಲೇ ಹೋಗಿತ್ತು. ಮೂರು ಕೋಟಿ ಜನರಿರುವ ಟೆಕ್ಸಸ್‌ನಲ್ಲಿ ಒಂದೇ ಒಂದು ಮೊದಲ ದರ್ಜೆಯ ಗಂಡಸರ ಕಾಲೇಜು ತಂಡವಿಲ್ಲ, ಫ್ಲೋರಿಡಾದಲ್ಲೂ ಇಲ್ಲ. ನಕಾಶೆಯ ಬೋಳು ಜಾಗಗಳು ಆಡಳಿತ ಮಂಡಳಿಗಳ ಸಭೆಯಲ್ಲಿ ತಯಾರಾದವು.

ಇದಕ್ಕೆಲ್ಲ ಹೆಂಗಸರೇ ಕಾರಣ ಎಂದು ಹೇಳುವವರು ಅಲ್ಲಿ ತುಂಬ ಮಂದಿ. 1972ರಲ್ಲಿ ಬಂದ ‘ಟೈಟಲ್ ನೈನ್’ ಕಾನೂನು ಶಿಕ್ಷಣದಲ್ಲಿ ಹೆಣ್ಣುಗಂಡು ತಾರತಮ್ಯ ಕೂಡದು ಎಂದಿತು. ಅದರ ಪ್ರಕಾರ ಕ್ರೀಡೆಯಲ್ಲೂ ಹುಡುಗಿಯರಿಗೆ ಪಾಲು ಕೊಡಬೇಕಾಯಿತು. ಪಾಲು ಕೊಡಲು ಗಂಡಸರ ಸಣ್ಣ ಆಟಗಳ ಕತ್ತು ಕೊಯ್ದರು. ಆದರೆ ಲೆಕ್ಕ ನೋಡಿ. 2025ರಲ್ಲಿ ನಿಯಮ ಬದಲಾಗುವವರೆಗೆ ದೊಡ್ಡ ಫುಟ್‌ಬಾಲ್ ತಂಡವೊಂದಕ್ಕೆ 85 ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಿತ್ತು. ಇಡೀ ಕುಸ್ತಿ ತಂಡಕ್ಕೆ 9.9. ಆ ಎಂಬತ್ತೈದನ್ನು ಮುಟ್ಟುವ ಧೈರ್ಯವಿಲ್ಲದೆ ಒಂಬತ್ತೂ ಚಿಲ್ಲರೆಯನ್ನು ಕಿತ್ತುಕೊಂಡು ಹುಡುಗಿಯರ ಕಡೆ ಬೆರಳು ತೋರಿಸಿದರು. ದೊಡ್ಡಮನೆಯ ಹಬ್ಬದೂಟಕ್ಕೆ ಕೈ ಹಚ್ಚಲಾರದೆ ಇಬ್ಬರು ಬಡವರನ್ನು ಜಗಳಕ್ಕೆ ಬಿಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸ್ಟ್ಯಾನ್‌ಫರ್ಡ್ 2020ರ ಜುಲೈಯಲ್ಲಿ ತಂಡ ಮುಚ್ಚುವುದಾಗಿ ಸಾರಿದಾಗ ಅಲ್ಲಿನ ಶೇನ್ ಗ್ರಿಫಿತ್ ಎಂಬ ಹುಡುಗ ಮರುವರ್ಷ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಹೆಸರೇ ಇಲ್ಲದ ಬರೀ ಕಪ್ಪು ಉಡುಪು ತೊಟ್ಟು ರಾಷ್ಟ್ರೀಯ ಚಾಂಪಿಯನ್ ಆದ. ಎರಡು ತಿಂಗಳಲ್ಲಿ ಆಡಳಿತ ಮನಸ್ಸು ಬದಲಿಸಿತು.

ನಮ್ಮವರ ಒಂದು ಮಾತನ್ನೂ ಇಲ್ಲಿ ಎತ್ತಬೇಕು. ದಾಗೆಸ್ತಾನ, ಚೆಚನ್ಯಾ, ಇರಾನಿನ ಪೈಲ್ವಾನರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ನಮ್ಮ ಹುಡುಗರು ಮೊಬೈಲಿನಲ್ಲಿ ಆ ಚಿತ್ರಗಳನ್ನು ಹಂಚಿಕೊಂಡು, ಇದು ನಮ್ಮ ಕೌಮಿನ ರಕ್ತ ಎಂದು ಎದೆಯುಬ್ಬಿಸುತ್ತಾರೆ. ಖುಷಿ ಪಡಲಿ, ತಪ್ಪಿಲ್ಲ. ಆದರೆ 1996, 2004, 2008ರಲ್ಲಿ ಚಿನ್ನ ಗೆದ್ದ ಬುವೈಸಾರ್ ಸೈತಿಯೇವ್ ಹುಟ್ಟಿದ್ದು ದಾಗೆಸ್ತಾನದ ಖಾಸವ್ಯುರ್ತ್‌ನಲ್ಲಿ, ಚೆಚನ್ ಮನೆತನದಲ್ಲಿ. ಪಳಗಿದ್ದು ಸಾವಿರಾರು ಕಿಲೋಮೀಟರ್ ಆಚೆ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಕಲಿಸಿದ ಉಸ್ತಾದ ದ್ಮಿತ್ರಿ ಮಿಂದಿಯಾಶ್ವಿಲಿ ಜಾರ್ಜಿಯಾ ಮೂಲದವನು. ಅವನ ಹಿಂದಿನ ಶಾಗಿರ್ದ ಇವಾನ್ ಯಾರಿಗಿನ್ ರಷ್ಯನ್. ಈ ಸಿಲ್ಸಿಲಾದಲ್ಲಿ ಯಾರ ರಕ್ತ ಎಂದು ಹುಡುಕುವುದು? ಗೆದ್ದಾಗ ರಕ್ತದ ಹೆಸರು ಹೇಳಿ ಹಿಗ್ಗಿದವರು, ಕಾಲೇಜಿನ ಪಟ್ಟಿಯಲ್ಲೋ ಕಚೇರಿಯ ಪಟ್ಟಿಯಲ್ಲೋ ನಮ್ಮ ಮಕ್ಕಳ ಹೆಸರು ಕಾಣದಿದ್ದಾಗ ಇನ್ನೊಬ್ಬರು ಅದೇ ರಕ್ತದ ಕಾರಣ ಹೇಳಿದರೆ ಯಾವ ಬಾಯಿಂದ ಇಲ್ಲವೆನ್ನುವುದು?

ಇನ್ನು ಹೆಣ್ಣುಮಕ್ಕಳ ಕುಸ್ತಿ. ಇದರ ನಕಾಶೆ ನಮ್ಮ ಕಣ್ಣೆದುರಿಗೇ ತಯಾರಾಗುತ್ತಿರುವುದರಿಂದ ಇದನ್ನು ನೋಡುವುದು ಹೆಚ್ಚು ಉಪಯೋಗ. ಶತಮಾನದ ಕುಸ್ತಿ ಇತಿಹಾಸವಿರುವ ಅಯೋವಾ, ಪೆನ್ಸಿಲ್ವೇನಿಯಾಗಳು ಇಲ್ಲಿ ಮೊದಲು ಬರಬೇಕಿತ್ತು. ಬರಲಿಲ್ಲ. ಹುಡುಗಿಯರಿಗಾಗಿಯೇ ಹೈಸ್ಕೂಲು ಕುಸ್ತಿಗೆ ಮೊದಲು ಮಾನ್ಯತೆ ಕೊಟ್ಟ ರಾಜ್ಯ ಹವಾಯಿ, 1998ರಲ್ಲಿ. ಅದರ ಬೆನ್ನಲ್ಲೇ ಟೆಕ್ಸಸ್. ಅಂದರೆ ಗಂಡು ಹುಡುಗರ ನಕಾಶೆಯಲ್ಲಿ ಬೋಳಾಗಿದ್ದ, ಅಂಚಿನಲ್ಲಿದ್ದ ಜಾಗಗಳು. ಹಳೆಯ ಕುಸ್ತಿ ರಾಜ್ಯಗಳ ಹುಡುಗಿಯರು ಅಣ್ಣತಮ್ಮಂದಿರ ಪಂದ್ಯಕ್ಕೆ ಚಪ್ಪಾಳೆ ತಟ್ಟುತ್ತ ಕೂತಿದ್ದಾಗ ಈ ಕಡೆಯ ಹುಡುಗಿಯರು ಹಾಸಿಗೆ ಇಳಿದಾಗಿತ್ತು. ಒಂದೇ ತಾಯಿ ತಂದೆಯ ಮಕ್ಕಳಲ್ಲಿ ಅಣ್ಣನಿಗೆ ಬಂದ ಕುಸ್ತಿಯ ರಕ್ತ ತಂಗಿಗೆ ಬರದೆ ಹೋಗುವುದು ಹೇಗೆ ಎಂದು ಯಾರೂ ಕೇಳಿದಂತಿಲ್ಲ. ಅಯೋವಾ ವಿಶ್ವವಿದ್ಯಾಲಯ ಹೆಂಗಸರ ತಂಡ ಕಟ್ಟುವುದಾಗಿ ಸಾರಿದ್ದು 2021ರಲ್ಲಿ. ಎನ್‌ಸಿಎಎ ಇದನ್ನು ಚಾಂಪಿಯನ್‌ಶಿಪ್ ಕ್ರೀಡೆಯಾಗಿ ಒಪ್ಪಿಕೊಂಡದ್ದು 2025ರ ಜನವರಿಯಲ್ಲಿ.

ಹವಾಯಿಯಲ್ಲಿ 1998ರಲ್ಲಿ ನಡೆದ ಆ ಮೊದಲ ಹೈಸ್ಕೂಲು ಪಂದ್ಯಾವಳಿಯಲ್ಲಿ ಗೆದ್ದವರಲ್ಲಿ ಕ್ಲಾರಿಸಾ ಚುನ್ ಎಂಬ ಹುಡುಗಿಯೂ ಇದ್ದಳು. ಹೊನೊಲುಲುವಿನವಳು. ಹುಡುಗಿಯರಿಗೆ ಕುಸ್ತಿ ತಂಡವಿದ್ದ ಕಾಲೇಜುಗಳು ಆಗ ಬೆರಳೆಣಿಕೆಯಷ್ಟು. ಅಂಥದ್ದೊಂದು ಮಿಸೌರಿ ರಾಜ್ಯದಲ್ಲಿ ಸಿಕ್ಕಿತು. ಅಲ್ಲಿಗೆ ಸಮುದ್ರ ದಾಟಿ ಹೋಗಿ ಓದಿದಳು. 2008ರಲ್ಲಿ ವಿಶ್ವ ಚಾಂಪಿಯನ್ ಆದಳು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು. ಅಯೋವಾ ವಿಶ್ವವಿದ್ಯಾಲಯ ತನ್ನ ಹೆಂಗಸರ ತಂಡಕ್ಕೆ ಉಸ್ತಾದಳನ್ನು ಹುಡುಕಿದಾಗ, ಬರ್ನ್ಸ್, ಗೋಚ್, ಗೇಬಲ್‌ರ ಆ ನಾಡಿಗೆ ಕರೆಸಿಕೊಂಡದ್ದು ಆಕೆಯನ್ನು. ತಂಡ ಹಾಸಿಗಿಳಿದ ಮೊದಲ ವರ್ಷವೇ, 2024ರಲ್ಲಿ, ಹೆಂಗಸರ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಅಯೋವಾಕ್ಕೆ ಬಂತು.